ಕಬ್ಬಿನ ದ್ವೀಪದ ಸಿಸ್ಟರ್

ಆ ಮೇ ತಿಂಗಳ ಸಂಜೆ ಮುಂಬಯಿ ಹತ್ತಿರದ ಠಾಣೆಯಲ್ಲಿ ಕಲ್ಯಾಣ್ ಲೋಕಲ್ ರೈಲು ಹತ್ತುವಾಗ ನೂಕುನುಗ್ಗಲಿನಲ್ಲಿ ನನ್ನ ಎಡಗಾಲಿನ ಚಪ್ಪಲಿ ಕಳಚಿ ಹಳಿಗೆ ಬಿತ್ತು. ಡೊಂಬಿವಲಿಯಲ್ಲಿ ಇಳಿದವನು ಒಂದೇ ಚಪ್ಪಲಿಯಲ್ಲಿ ಮನೆಯವರೆಗೆ ನಡೆದೆ. ಬಿಸಿಲು ಇಳಿದಿದ್ದರೂ ರಸ್ತೆ ಇನ್ನೂ ಕಾದಿತ್ತು. ಎದುರು ಬಂದವರು ನನ್ನ ಕಾಲು ನೋಡುತ್ತಿದ್ದಾರಲ್ಲ ಎಂಬ ನಾಚಿಕೆಯೊಂದು ಬಿಟ್ಟರೆ ನನಗೆ ಬೇರೇನೂ ಅನ್ನಿಸಲಿಲ್ಲ. ನಮ್ಮ ಬಿಲ್ಡಿಂಗಿನ ಮೂರನೆಯ ಮಾಳಿಗೆಗೆ ಹತ್ತಿ ಬೀಗದ ಕೈಗಾಗಿ ಕಿಸೆ ತಡಕುತ್ತಿದ್ದಾಗ ಎರಡನೆಯ ಮಾಳಿಗೆಯ ಹೆಂಗಸು ನನ್ನ ಹಿಂದೆಯೇ ಮೇಲೆ ಬಂದು ನಿಂತರು. ನಾವು ಆ ಮನೆಗೆ ಬಂದು ಆರು ತಿಂಗಳಾಗಿತ್ತು. ಅವರ ಜೊತೆ ನನಗಿದ್ದದ್ದು ಮೆಟ್ಟಿಲ ಮೇಲೆ ತಲೆಯಾಡಿಸುವಷ್ಟು ಪರಿಚಯ ಮಾತ್ರ.

"ಮೆಟ್ಟಿಲ ಮೇಲೆಲ್ಲ ನಿಮ್ಮ ಕಾಲಿನ ಗುರುತು ಉಂಟು, ರಕ್ತದ್ದು" ಎಂದರು.

ಕಾಲೆತ್ತಿ ನೋಡಿದೆ. ಅಂಗಾಲಿನಲ್ಲಿ ಗಾಜಿನ ಚೂರೊಂದು ನಾಟಿತ್ತು. ಸುತ್ತಲೂ ಚರ್ಮ ಬೊಬ್ಬೆಯೆದ್ದು ಬೆಳ್ಳಗಾಗಿತ್ತು. ಗಾಬರಿಯಿಂದ, ಆದರೆ ಸಮಾಧಾನ ಹೇಳುವವನ ಹಾಗೆ, ನೋವೇನೂ ಇಲ್ಲ ಎಂದೆ. ಅವರ ಮುಖ ಗಂಭೀರವಾಯಿತು. ನನ್ನನ್ನು ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿ, ಕೆಳಗಿನ ಮೆಟ್ಟಿಲಿನಲ್ಲಿ ತಾವು ಕೂತು, ನನ್ನ ಪಾದವನ್ನು ತಮ್ಮ ಮಡಿಲಲ್ಲಿಟ್ಟುಕೊಂಡರು. "ಎಷ್ಟು ವರ್ಷ ಆಯಿತು ಸಕ್ಕರೆ ಕಾಯಿಲೆ?" ಎಂದು ಕೇಳಿದರು. ನನಗೆ ಆ ಕಾಯಿಲೆ ಇದೆಯೆಂದು ನಾನು ಯಾರಿಗೂ ಹೇಳಿರಲಿಲ್ಲ. ಐರೋಲಿಯ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸ ನನ್ನದು. ಅಲ್ಲಿ ಗೊತ್ತಾದರೆ ಮೂಲೆಗೆ ತಳ್ಳಿಯಾರೆಂಬ ಹೆದರಿಕೆಯಿತ್ತು. ಮಾತ್ರೆಗಳನ್ನು ಹೆಂಡತಿಗೂ ವಿಟಮಿನ್ ಎಂದೇ ಹೇಳಿದ್ದೆ.

ಬಿಲ್ಡಿಂಗಿನಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ನಾನೂ ಕೊನೆಯವರೆಗೆ ಹಾಗೆಯೇ ಕರೆದೆ. ಅವರ ದೇಶ ಫಿಲಿಪೈನ್ಸ್. ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಗ ಅಲ್ಲಿನ ಹೋಟೆಲಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ ಉಡುಪಿ ಕಡೆಯವರೊಬ್ಬರನ್ನು ಮದುವೆಯಾದರು. ಗಂಡನಿಗೆ ಹೃದಯದ ತೊಂದರೆ ಶುರುವಾದ ಮೇಲೆ ಇಬ್ಬರೂ ಡೊಂಬಿವಲಿಗೆ ಬಂದು, ಅತ್ತೆಯಿದ್ದ ಈ ಫ್ಲ್ಯಾಟಿನಲ್ಲಿ ನೆಲೆಸಿದರು. ನಾನು ಅವರನ್ನು ಕಾಣುವಷ್ಟರಲ್ಲಿ ಗಂಡ ತೀರಿಕೊಂಡು ಮೂರು ವರ್ಷ ಕಳೆದಿತ್ತು. ಇನ್ನೇನು ಈಕೆ ತನ್ನ ದೇಶಕ್ಕೆ ಹೊರಟಾಳು ಎಂದು ಎಲ್ಲರೂ ತಿಳಿದಿದ್ದರಂತೆ. ಹೋಗಲಿಲ್ಲ. ಅತ್ತೆಗೂ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್. ಎರಡು ಹೊತ್ತೂ ಸೊಸೆಯೇ ಚುಚ್ಚುತ್ತಿದ್ದರು. ಸಂಜೆ ಬಾಲ್ಕನಿಯಲ್ಲಿ ಅತ್ತೆಯ ಕಾಲು ತೊಳೆದು, ಬೆರಳ ಸಂದುಗಳನ್ನೆಲ್ಲ ಒಣಬಟ್ಟೆಯಿಂದ ಒರೆಸುವುದನ್ನು ನಾವು ದಿನವೂ ಮೇಲಿನಿಂದ ನೋಡುತ್ತಿದ್ದೆವು. ಇಬ್ಬರೂ ತುಳುವಿನಲ್ಲಿ ಬಿಡುವಿಲ್ಲದೆ ಮಾತಾಡುತ್ತಿದ್ದರು. ಉಡುಪಿಯಲ್ಲಿ ಓದಿದ್ದರಿಂದ ನನಗೂ ತುಳು ಬರುತ್ತಿತ್ತು. ಇಂಥ ಅತ್ತೆ ಸೊಸೆಯನ್ನು ತಾನು ಎಲ್ಲೂ ಕಂಡಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು.

ಇಲ್ಲೇ ಹುಟ್ಟಿದ ನಮ್ಮ ಮಗಳು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಾಳೆ. ಸಿಸ್ಟರ್ ಅವಳನ್ನು ನಿಲ್ಲಿಸಿ, "ನಾನು ಎಲ್ಲಿಂದಲೋ ಬಂದು ಕಲಿತೆ, ನಿನಗೆ ಎಂತ ಕಷ್ಟ?" ಎಂದು ಕೇಳುತ್ತಿದ್ದರು. ಅವರ ಕನ್ನಡ ಅತ್ತೆಯಿಂದ ಬಂದದ್ದು, ಆದ್ದರಿಂದ ಅಚ್ಚ ಕರಾವಳಿಯದು. 'ಳ' ಮಾತ್ರ ಕೊನೆಯವರೆಗೂ ಒಲಿಯಲಿಲ್ಲ. ಬೆರಳು ಎನ್ನಲಾರದೆ ಬೆರಲು ಎನ್ನುತ್ತಿದ್ದರು.

ಹೊರದೇಶದ ನರ್ಸಿಂಗ್ ಪ್ರಮಾಣಪತ್ರ ಇಟ್ಟುಕೊಂಡು ಇಲ್ಲಿ ನರ್ಸ್ ಆಗುವುದು ಸುಲಭವಿರಲಿಲ್ಲ. ಒಂದೆರಡು ವರ್ಷ ಕಾಗದಪತ್ರಗಳ ಹಿಂದೆ ಓಡಾಡಿ ಕೈಬಿಟ್ಟರು. ಸ್ಟೇಷನ್ನಿನ ಪೂರ್ವಕ್ಕೆ ದವಾಖಾನೆ ಇಟ್ಟಿದ್ದ ಮರಾಠಿ ಡಾಕ್ಟರೊಬ್ಬರು ಅವರನ್ನು ಸಹಾಯಕಿಯೆಂದು ಸೇರಿಸಿಕೊಂಡಿದ್ದರು. ಐಸಿಯುವಿನಲ್ಲಿ ಇನ್‌ಚಾರ್ಜ್ ಆಗಿದ್ದವರು ಇಲ್ಲಿ ಆಯಾಗಳ ನೀಲಿ ಕೋಟು ತೊಟ್ಟು ಹಿಂದಿನ ಕೋಣೆಯಲ್ಲಿ ರೋಗಿಗಳ ಕಾಲು ತೊಳೆಯುತ್ತಿದ್ದರು. ಅವರಿಗೆ ಇದರಿಂದ ನೋವಾಗಿರಲಿಲ್ಲವೇ ಎಂದು ಒಮ್ಮೆ ಕೇಳಿದೆ. ಮೊದಲ ವರ್ಷ ತುಂಬ ಆಗಿತ್ತು ಎಂದರು. ಆಮೇಲೆ ಬರುವವರ ಕಾಲುಗಳನ್ನು ನೋಡುತ್ತ ನೋಡುತ್ತ ಕೋಟಿನ ಬಣ್ಣ ಮರೆತುಹೋಯಿತಂತೆ.

ಅವರಲ್ಲಿಗೆ ನಾನು ಎರಡು ತಿಂಗಳು ಡ್ರೆಸ್ಸಿಂಗಿಗೆ ಹೋದೆ. ಒಳಗೆ ಬಂದವರಿಗೆ ಮೊದಲು ಬೂಟು ಬಿಚ್ಚಲು ಹೇಳುವರು. ಕಾಲು ನೋಡುವ ಮುಂಚೆ ತಮ್ಮ ಕೈಯನ್ನು ಆ ಬೂಟಿನೊಳಗೆ ತೂರಿಸಿ ತುದಿಯವರೆಗೆ ಸವರುವರು. ಬೆವರಿನ ನಾತಕ್ಕೆ ಮುಖ ಸಿಂಡರಿಸಿದ್ದನ್ನು ನಾನು ಕಂಡಿಲ್ಲ. ಹಾಗೆ ತೂರಿಸಿದ ಕೈಗೆ ಕಲ್ಲು, ಬೋಲ್ಟು, ಒಮ್ಮೆ ಮಗುವಿನ ಆಟಿಕೆಯ ಚಕ್ರ, ಇನ್ನೊಮ್ಮೆ ಒಡೆದ ಬಳೆ ಸಿಕ್ಕಿದ್ದುಂಟು. ಅವುಗಳ ಮೇಲೆ ದಿನವೆಲ್ಲ ನಡೆದವರಿಗೆ ಅದು ಗೊತ್ತೇ ಆಗಿರಲಿಲ್ಲ. "ನಿಮ್ಮ ಕಾಲಿಗೆ ಬಾಯಿ ಹೋಗಿದೆ. ಅದು ಇನ್ನು ಕೂಗುವುದಿಲ್ಲ. ನೀವೇ ದಿನಾ ಹೋಗಿ ಮಾತಾಡಿಸಬೇಕು" ಎಂದು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು. ಹಿಂದಿ, ಮರಾಠಿ, ಕನ್ನಡ ಯಾವುದರಲ್ಲಾದರೂ ಹೇಳಬಲ್ಲವರಾಗಿದ್ದರು.

ನನ್ನ ಕಾಯಿಲೆಯ ವಿಷಯವನ್ನು ಹೆಂಡತಿಗೆ ಹೇಳಿಸಿದವರೂ ಅವರೇ. ತಾವಾಗಿ ಹೇಳಲಿಲ್ಲ. ನೀವು ಹೇಳುವ ತನಕ ನಿಮ್ಮ ಕಾಲು ಮುಟ್ಟುವುದಿಲ್ಲ ಎಂದು ಹಟ ಹಿಡಿದು ಒಂದು ದಿನ ನನ್ನನ್ನು ಡ್ರೆಸ್ಸಿಂಗ್ ಇಲ್ಲದೆ ಕಳಿಸಿದರು.

ಅವರು ಹುಟ್ಟಿದ ದ್ವೀಪದಲ್ಲಿ ಕಣ್ಣು ಹಾಯಿಸಿದಷ್ಟೂ ಕಬ್ಬು. ಅಪ್ಪ ಕಬ್ಬು ಕಡಿಯುವ ಕೂಲಿ. ಏಳು ಮಕ್ಕಳಲ್ಲಿ ಇವರು ಐದನೆಯವರು. ಒಬ್ಬ ಅಣ್ಣ ಅಮೆರಿಕದಲ್ಲಿ, ಒಬ್ಬ ತಮ್ಮ ಸೌದಿಯಲ್ಲಿ, ತಂಗಿ ಹಾಂಗ್‌ಕಾಂಗಿನಲ್ಲಿ ಮನೆಗೆಲಸಕ್ಕೆ, ಉಳಿದವರು ಊರಿನಲ್ಲಿ. ಭಾನುವಾರ ಮಧ್ಯಾಹ್ನ ಎಲ್ಲರೂ ಫೋನಿನಲ್ಲಿ ಸೇರುತ್ತಿದ್ದರು. ಮೊದಲು ನಗು, ಹಾಡು. ಆಮೇಲೆ ಸರದಿಯ ಮೇಲೆ ಒಬ್ಬೊಬ್ಬರ ಸಮಾಚಾರ: ಯಾರ ಕಣ್ಣಿಗೆ ಲೇಸರ್ ಮಾಡಿದರು, ಯಾರ ಕಿಡ್ನಿ ಎಷ್ಟು ಕೆಟ್ಟಿತು, ಯಾರ ಕಾಲಿನ ಹುಣ್ಣು ಮಾಯಲಿಲ್ಲ. ಹಿರಿಯಕ್ಕನ ದೃಷ್ಟಿ ಪೂರ್ತಿ ಹೋಗಿತ್ತು. ಹೆಚ್ಚಿನವರನ್ನು ಹಿಡಿದದ್ದು ಒಂದೇ ಕಾಯಿಲೆ. ನಮ್ಮಲ್ಲಿ ದಪ್ಪ ಇದ್ದವರೇ ಇಲ್ಲ, ಆದರೂ ಬರುತ್ತದೆ, ಬೇಗ ಬರುತ್ತದೆ ಎಂದು ಸಿಸ್ಟರ್ ಹೇಳುತ್ತಿದ್ದರು. ಮೂರು ಹೊತ್ತೂ ಅನ್ನ ತಿನ್ನುವವರು ನಾವು, ನಿಮ್ಮ ಉಡುಪಿಯವರ ಹಾಗೆಯೇ. ಗದ್ದೆಯಲ್ಲಿ ದುಡಿಯುವಾಗ ಅದು ಕರಗುತ್ತಿತ್ತು, ಕುರ್ಚಿಗೆ ಬಂದ ಮೇಲೆ ಕರಗುವುದಿಲ್ಲ. ಊರು ಬಿಟ್ಟರೆ ಕಾಯಿಲೆಯೂ ಬಿಟ್ಟೀತು ಎಂದುಕೊಂಡಿದ್ದರಂತೆ. ಅಮೆರಿಕಕ್ಕೆ ಹೋದ ಅಣ್ಣನಿಗೆ ಅದು ಎಲ್ಲರಿಗಿಂತ ಮೊದಲು ಬಂತು.

ಕಲಬುರಗಿ ಕಡೆಯ ಒಬ್ಬ ಹಮಾಲನ ವಿಷಯ ಇಲ್ಲಿ ಹೇಳಲೇಬೇಕು. ಡೊಂಬಿವಲಿಯ ಕಾರ್ಖಾನೆಗಳ ಕಡೆ ರಾಸಾಯನಿಕದ ಪೀಪಾಯಿ ಹೊರುತ್ತಿದ್ದ. ಗಮ್‌ಬೂಟಿನೊಳಗೆ ಮೊಳೆಯೊಂದು ಬಿದ್ದಿತ್ತು. ಅದರ ಮೇಲೆಯೇ ಮೂರು ದಿನ ಪೀಪಾಯಿ ಹೊತ್ತಿದ್ದಾನೆ. ಕಾಲು ನಾರತೊಡಗಿದ ಮೇಲೆ ದವಾಖಾನೆಗೆ ಬಂದ. ಎರಡು ಬೆರಳು ಕಪ್ಪಾಗಿದ್ದವು. ಡಾಕ್ಟರು ಚೀಟಿ ಬರೆದು, ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗು, ಬೆರಳು ತೆಗೆಯದಿದ್ದರೆ ಕಾಲು ಹೋಗುತ್ತದೆ ಎಂದರು. ಅವನು ತಲೆಯಾಡಿಸಿ ಹೊರಟ. ಸಿಸ್ಟರ್ ಮರುದಿನ ಆಸ್ಪತ್ರೆಗೆ ಫೋನು ಮಾಡಿ ಕೇಳಿದರೆ, ಅಂಥವನು ಬಂದೇ ಇರಲಿಲ್ಲ.

ಭಾನುವಾರ ಬೆಳಿಗ್ಗೆಯೇ ನನ್ನ ಬಾಗಿಲು ತಟ್ಟಿದರು. ಅವನಿರುವುದು ಮುಂಬ್ರಾದಲ್ಲಿ, ಅವನ ಕನ್ನಡ ತನಗೆ ಅರ್ಧ ಅರ್ಥವಾಗುತ್ತದೆ, ತನ್ನದು ಅವನಿಗೆ ಕಾಲುಭಾಗ, ನೀವು ಜೊತೆಗೆ ಬರಬೇಕು ಎಂದರು. ಗುಡ್ಡದ ಬುಡದ ಕೇರಿಯಲ್ಲಿ ಕೇಳುತ್ತ ಕೇಳುತ್ತ ಹೋಗಿ ಮನೆ ಹುಡುಕಿದೆವು. ಅವನು ಗೋಡೆಗೆ ಒರಗಿ ಕೂತಿದ್ದ. ಹೆಂಡತಿ ಕಾಲಿಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದ್ದಳು. ನಾನು ಡಾಕ್ಟರ ಮಾತನ್ನು ಮತ್ತೆ ಹೇಳಿದೆ. ಅವನು ಸಿಟ್ಟಾಗಲಿಲ್ಲ. "ಬೆರಳ ತಗಸಿಕೊಂಡ್ರ ಹೊರೆ ಹೊತ್ತು ಹೆಂಗ ನಿಲ್ಲಲ್ರಿ? ಮನಿಗೆ ದುಡಿಯಾಂವ ನಾನೊಬ್ಬನ ಇದ್ದೀನಿ" ಎಂದ.

ಸಿಸ್ಟರ್ ಅವನೆದುರು ನೆಲದ ಮೇಲೆ ಕೂತರು. "ನನ್ನ ಅಪ್ಪನೂ ಹೀಗೇ ಹೇಳಿದ್ದರು" ಎಂದು ಶುರುಮಾಡಿದರು. "ಕಬ್ಬು ಕಡಿಯುವಾಗ ಕಾಲಿಗೆ ಕಬ್ಬಿನ ಚೂಪು ಮೊಂಡು ಹೊಕ್ಕಿತು. ಸೀಸನ್ ಮುಗಿಯಲಿ, ಮತ್ತೆ ತೋರಿಸುತ್ತೇನೆ ಎಂದರು. ಒಂದು ಬೆರಲು ಹೋಗಬಾರದು ಎಂದು ನೋಡಿದರು. ಮೊದಲು ಪಾದ ತೆಗೆದರು, ಮತ್ತೆ ಮೊಣಕಾಲಿನವರೆಗೆ ತೆಗೆದರು. ಮುಂದಿನ ಸೀಸನ್ನಿಗೆ ಅಪ್ಪನೇ ಇರಲಿಲ್ಲ. ನನಗೆ ಆಗ ಹನ್ನೊಂದು ವರ್ಷ."

ಅವನಿಗೆ ತಿಳಿಯದ ಕಡೆ ನಾನು ಬಿಡಿಸಿ ಹೇಳಿದೆ. ಆಮೇಲೆ ಅವನು ಕೇಳಿದ: "ನಿಮ್ಮ ದೇಶದಾಗೂ ಈ ಸಕ್ರಿ ಬ್ಯಾನಿ ಐತೇನ್ರಿ ಅಕ್ಕಾರ?"

"ಮನೆ ಮನೆಯಲ್ಲಿ ಉಂಟು" ಎಂದರು ಸಿಸ್ಟರ್.

ಅವನ ಹೆಂಡತಿ ಎದ್ದು ಟ್ರಂಕು ತೆರೆದು ಅವನ ಇನ್ನೊಂದು ಅಂಗಿ ತೆಗೆದು ಚೀಲಕ್ಕೆ ತುಂಬತೊಡಗಿದಳು. ಆ ಮಧ್ಯಾಹ್ನವೇ ಅವನನ್ನು ಆಸ್ಪತ್ರೆಗೆ ಸೇರಿಸಿದೆವು. ಎರಡು ಬೆರಳು ಹೋದವು, ಪಾದ ಉಳಿಯಿತು. ಈಗ ಸ್ಟೇಷನ್ನಿನ ಹತ್ತಿರದ ಒಂದು ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಆಗಿದ್ದಾನೆ. ಆ ಕೆಲಸವನ್ನೂ ಸಿಸ್ಟರ್ ಅವರೇ ಹತ್ತು ಜನರನ್ನು ಕೇಳಿ ಕೊಡಿಸಿದರು.

ಅವರಿಗೆ ಮಕ್ಕಳಿರಲಿಲ್ಲ. ಏಕೆಂದು ನಾವು ಕೇಳಿರಲಿಲ್ಲ. ನಮ್ಮ ಅತ್ತಿಗೆಯ ಮಗಳು ಬಸುರಿಯಾಗಿ ನಮ್ಮಲ್ಲಿಗೆ ಬಂದಿದ್ದಾಗ, ಸಕ್ಕರೆ ಪರೀಕ್ಷೆ ಮಾಡಿಸಿದ್ದೀರಾ ಎಂದು ದಿನವೂ ಬಂದು ವಿಚಾರಿಸತೊಡಗಿದರು. ಹುಡುಗಿಗೆ ಬೇಸರವಾಗಿ ಒಂದು ದಿನ ಎದ್ದು ಒಳಗೆ ಹೋದಳು. ಆಗ ಸಿಸ್ಟರ್ ನನ್ನ ಹೆಂಡತಿಯ ಹತ್ತಿರ ತಮ್ಮ ಕಥೆ ಹೇಳಿದರಂತೆ. ಮಸ್ಕತ್ತಿನಲ್ಲಿ ಬಸುರಿಯಾಗಿದ್ದಾಗ ಅವರಿಗೆ ಸಕ್ಕರೆ ಏರಿತ್ತು. ಅವರಾಗಿ ನೋಡಿಕೊಳ್ಳಲಿಲ್ಲ, ನಾನು ನರ್ಸ್ ಅಲ್ಲವೇ, ಗೊತ್ತಾಗದೇ ಇರುತ್ತದೆಯೇ ಎಂದುಕೊಂಡರು. ಒಂಬತ್ತನೆಯ ತಿಂಗಳಲ್ಲಿ ಮಗು ಹೊಟ್ಟೆಯೊಳಗೇ ತೀರಿತು. ಗಂಡು ಮಗು, ತೂಕ ಚೆನ್ನಾಗಿತ್ತು ಎಂದರಂತೆ. ಹೆಂಡತಿ ಇದನ್ನು ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ. ಆ ಹುಡುಗಿ ಮರುದಿನವೇ ಪರೀಕ್ಷೆ ಮಾಡಿಸಿಕೊಂಡಳು.

ಅವರ ಕಣ್ಣು ಮಂಜಾಗುತ್ತಿದ್ದದ್ದು ನಮಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಮೆಟ್ಟಿಲು ಇಳಿಯುವಾಗ ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತಿದ್ದರು. ಸೂಜಿಗೆ ದಾರ ಪೋಣಿಸಲು ನನ್ನ ಹೆಂಡತಿಯನ್ನು ಕರೆಯುತ್ತಿದ್ದರು. ವಯಸ್ಸಾಯಿತಲ್ಲ ಎಂದುಕೊಂಡೆವು. ಒಂದು ದಿನ ದವಾಖಾನೆಯಲ್ಲಿ ಒಬ್ಬರ ಅಂಗಾಲಿನ ಗಟ್ಟಿ ಚರ್ಮ ಹೆರೆಯುತ್ತಿದ್ದಾಗ ಬ್ಲೇಡು ತುಸು ಆಳಕ್ಕೆ ಹೋಗಿ ರಕ್ತ ಬಂತು. ಆ ಕಾಲಿನವರಿಗೆ ಅದು ತಿಳಿಯಲೇ ಇಲ್ಲ. ಸಣ್ಣ ಗಾಯ, ಒಂದು ವಾರದಲ್ಲಿ ಮಾಯಿತು. ಆದರೆ ಸಿಸ್ಟರ್ ತಾವೇ ಎದ್ದು ಹೋಗಿ ಡಾಕ್ಟರಿಗೆ ಹೇಳಿ, ಬ್ಲೇಡನ್ನು ಅವರ ಮೇಜಿನ ಮೇಲಿಟ್ಟರು. ತಮ್ಮ ಕಣ್ಣಿಗೆ ನಡುವಿನಲ್ಲಿ ಕಪ್ಪು ಕಲೆ ಕಾಣಿಸತೊಡಗಿ ಎಂಟು ತಿಂಗಳಾಯಿತೆಂದೂ ಆಗಲೇ ಹೇಳಿದರು. ಡಾಕ್ಟರು ಬಲವಂತವಾಗಿ ರಕ್ತಪರೀಕ್ಷೆ ಮಾಡಿಸಿದಾಗ ಸಕ್ಕರೆ ಬಹಳ ಏರಿತ್ತು, ಕಿಡ್ನಿಗಳೂ ಹೆಚ್ಚುಕಡಿಮೆ ಹೋಗಿದ್ದವು.

ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಇಡೀ ಡೊಂಬಿವಲಿಗೆ ಬುದ್ಧಿ ಹೇಳಿದವರು ನೀವು, ನಿಮ್ಮದನ್ನು ಯಾಕೆ ತೋರಿಸಿಕೊಳ್ಳಲಿಲ್ಲ ಎಂದು ಅವರ ಮನೆಯಲ್ಲೇ ಕೂತು ಜಗಳವಾಡಿದೆ. ಅವರು ಕೈಯಲ್ಲಿದ್ದ ಬಟ್ಟೆ ಮಡಿಸುತ್ತಲೇ ಇದ್ದರು.

"ನಮ್ಮ ಮನೆಯಲ್ಲಿ ಎಲ್ಲರದ್ದೂ ನೋಡಿದ್ದೇನೆ ಅಲ್ಲವಾ" ಎಂದರು. "ಪರೀಕ್ಷೆ ಮಾಡಿಸಿದ ದಿನದಿಂದ ಎಲ್ಲರೂ ಪೇಷೆಂಟ್ ಆದರು. ನನಗೆ ಇನ್ನೂ ಸ್ವಲ್ಪ ದಿನ ಸಿಸ್ಟರ್ ಆಗಿ ಇರಬೇಕಿತ್ತು. ಅದು ತಪ್ಪು, ಗೊತ್ತುಂಟು. ನೀವು ಹಾಗೆ ಮಾಡಬೇಡಿ."

ವಾರಕ್ಕೆ ಎರಡು ಸಲ ಕಲ್ಯಾಣಿನಲ್ಲಿ ಡಯಾಲಿಸಿಸ್. ಬುಧವಾರ ನನ್ನ ಹೆಂಡತಿ, ಶನಿವಾರ ನಾನು ಜೊತೆಗೆ ಹೋಗುತ್ತಿದ್ದೆವು. ಅಲ್ಲಿಯೂ ಪಕ್ಕದ ಹಾಸಿಗೆಯವರಿಗೆ ಕಾಲಿನ ವಿಷಯ ಹೇಳುತ್ತಿದ್ದರು. ಸೌದಿಯ ತಮ್ಮ ತನ್ನ ಕಿಡ್ನಿ ಕೊಡುತ್ತೇನೆಂದು ಹಟ ಹಿಡಿದು ಪರೀಕ್ಷೆಗೆ ಹೋದ. ಪರೀಕ್ಷೆಯಲ್ಲಿ ಅವನಿಗೂ ಸಕ್ಕರೆಯಿರುವುದು ಗೊತ್ತಾಯಿತು. ಅಲ್ಲಿಯವರೆಗೆ ತಾನೊಬ್ಬನೇ ಪಾರಾಗಿದ್ದೇನೆ ಎಂದು ತಿಳಿದಿದ್ದವನು ಅವನು. ಏಳು ಮಕ್ಕಳ ಮನೆಯಲ್ಲಿ ಒಂದು ಕಿಡ್ನಿ ಕೊಡಬಲ್ಲವರು ಯಾರೂ ಇರಲಿಲ್ಲ. ಆ ಸುದ್ದಿ ಬಂದ ದಿನ ಮಾತ್ರ ಅವರು ಅತ್ತದ್ದನ್ನು ನಾನು ಕಂಡೆ. ತಮ್ಮನಿಗಾಗಿ ಅತ್ತರು.

ಗಣಪತಿ ಹಬ್ಬ ಮುಗಿದ ವಾರ, ಠಾಣೆಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಎದೆಯಲ್ಲಿ ನೀರು ತುಂಬಿತ್ತು. ಕ್ರೈಸ್ತರ ಸ್ಮಶಾನದಲ್ಲಿ ಮಣ್ಣು ಮಾಡಬೇಕೆಂದು ಮೊದಲೇ ಹೇಳಿದ್ದರು. ಅಂದು ಬಂದವರನ್ನು ನೋಡಿ ಪಾದ್ರಿಗಳೇ ಬೆರಗಾದರು. ಕೋಲು ಊರಿಕೊಂಡವರು, ಒಂದು ಕಾಲಿಗೆ ಬೂಟು ಇನ್ನೊಂದಕ್ಕೆ ಬಟ್ಟೆ ಕಟ್ಟಿಕೊಂಡವರು, ಹೋಟೆಲಿನ ಅಡುಗೆಯವರು, ಮುಂಬ್ರಾದ ಕೇರಿಯ ಹೆಂಗಸರು. ಅತ್ತೆಗೆ ಆಗ ಎಂಬತ್ನಾಲ್ಕು. ಮೂವತ್ತು ವರ್ಷದ ಸಕ್ಕರೆ ಕಾಯಿಲೆಯಲ್ಲೂ ಕಣ್ಣು, ಕಾಲು ಎರಡನ್ನೂ ಉಳಿಸಿಕೊಂಡಿದ್ದ ಆಕೆ ರಿಕ್ಷಾದಿಂದ ಇಳಿದು ತಮ್ಮ ಕಾಲ ಮೇಲೆಯೇ ಗುಂಡಿಯವರೆಗೆ ನಡೆದು ಬಂದರು.

ದ್ವೀಪದಿಂದ ಯಾರಿಗೂ ಬರಲಾಗಿರಲಿಲ್ಲ. ನನ್ನ ಫೋನಿನಲ್ಲಿ ಒಡಹುಟ್ಟಿದವರೆಲ್ಲ ಇದ್ದರು. ಮಣ್ಣು ಮುಚ್ಚಿದ ಮೇಲೆ ಒಬ್ಬೊಬ್ಬರಾಗಿ ಫೋನು ಇಟ್ಟರು. ಕಣ್ಣಿಲ್ಲದ ಹಿರಿಯಕ್ಕ ಮಾತ್ರ ಉಳಿದು, ಅತ್ತೆಯ ಹತ್ತಿರ ಮಾತಾಡಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಕಲ್ಲಿನ ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತೆ. ತುಳುವನ್ನು ಇಂಗ್ಲಿಷಿಗೆ, ಇಂಗ್ಲಿಷನ್ನು ತುಳುವಿಗೆ ಮಾಡುವುದು ನನ್ನ ಕೆಲಸವಾಯಿತು.

ಅಕ್ಕ, ನನ್ನ ತಂಗಿಯನ್ನು ಮಗಳ ಹಾಗೆ ನೋಡಿಕೊಂಡಿರಿ, ದೇವರು ನಿಮಗೆ ಒಳ್ಳೆಯದು ಮಾಡಲಿ ಎಂದರು. ನಾನು ಹೇಳಿದೆ. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ, ಇದನ್ನು ಅವಳ ಅಕ್ಕನಿಗೆ ಹೇಳು, ಒಂದು ಮಾತನ್ನೂ ಬಿಡಬೇಡ ಎಂದರು.

"ಮೊದಲ ಎರಡು ವರ್ಷ ನಾನು ಅವಳನ್ನು ಅಡುಗೆಮನೆಗೆ ಸೇರಿಸಲಿಲ್ಲ. ಅವಳದ್ದು ಯಾವ ಜಾತಿಯೋ, ಏನು ತಿಂದು ಬೆಳೆದವಳೋ ಎಂದು ಒಂದು ತಟ್ಟೆ ಬೇರೆ ಇಟ್ಟಿದ್ದೆ. ಅದನ್ನು ಬೇರೆಯವರು ಮುಟ್ಟುವ ಹಾಗಿರಲಿಲ್ಲ. ಬಾಲ್ಕನಿಯಲ್ಲಿ ಕೂತು ಉಣ್ಣುತ್ತಿದ್ದಳು. ಮಗ ಜಗಳವಾಡಿದ. ಅವಳು ಒಂದು ದಿನವೂ ಏನೂ ಹೇಳಲಿಲ್ಲ. ನಾನೂ ಅವಳಿಗೆ ತಪ್ಪಾಯಿತು ಎಂದು ಹೇಳಲಿಲ್ಲ."

ಹನ್ನೆರಡು ವರ್ಷ ಒಂದೇ ಬಿಲ್ಡಿಂಗಿನಲ್ಲಿದ್ದ ನನಗೆ ಇದು ತಿಳಿದಿರಲಿಲ್ಲ. ಇಂಥ ಹೊತ್ತಿನಲ್ಲಿ ಇದನ್ನು ಹೇಳಬೇಕೇ ಎಂದು ಅನುಮಾನಿಸಿದೆ. ಮುದುಕಿ ನನ್ನ ಮುಖವನ್ನೇ ನೋಡುತ್ತಿದ್ದರು. ಒಂದೊಂದೇ ಮಾತು ಹುಡುಕಿ ಹೇಳಿ ಮುಗಿಸಿದೆ.

ಅಕ್ಕ ನಿಧಾನವಾಗಿ ಮಾತಾಡಿದರು. ನಮಗೆ ಅವಳು ಬೇರೆಯೇ ರೀತಿ ಬರೆದಿದ್ದಳು ಎಂದರು. ಅತ್ತೆ ನನಗೆಂದೇ ಒಂದು ತಟ್ಟೆ ತೆಗೆದಿಟ್ಟಿದ್ದಾರೆ, ಅದರಲ್ಲಿ ಮನೆಯ ಬೇರೆ ಯಾರೂ ಉಣ್ಣುವ ಹಾಗಿಲ್ಲ, ಗಾಳಿ ಬರುವ ಜಾಗದಲ್ಲಿ ಕೂರಿಸಿ ಬಡಿಸುತ್ತಾರೆ ಎಂದು. ಅಮ್ಮ ಆ ಕಾಗದವನ್ನು ಬೀದಿಯವರಿಗೆಲ್ಲ ಓದಿ ಹೇಳಿದ್ದಳು. ಮಗಳು ಒಳ್ಳೆಯ ಮನೆ ಸೇರಿದಳು ಎಂದು ನೆಮ್ಮದಿಯಿಂದ ಕಣ್ಣು ಮುಚ್ಚಿದಳು ಎನ್ನುತ್ತ ಅಕ್ಕ ಅಳತೊಡಗಿದರು.

ನಾನು ಅದನ್ನು ತುಳುವಿನಲ್ಲಿ ಹೇಳಿದೆ. ಅತ್ತೆ ಇನ್ನೊಮ್ಮೆ ಹೇಳು ಎಂದರು. ಇನ್ನೊಮ್ಮೆ ಹೇಳಿದೆ. ಅವರು ಕೈ ಚಾಚಿ ಫೋನನ್ನು ನನ್ನಿಂದ ತೆಗೆದುಕೊಂಡರು. ಒಂದು ಮಾತೂ ಅರ್ಥವಾಗದಿದ್ದರೂ ಅದನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದು, ಆ ಕಡೆಯ ಅಳು ಪೂರ್ತಿ ನಿಲ್ಲುವವರೆಗೂ ಕೇಳುತ್ತ ಕೂತರು.